ಕೆಲಸ ಬಿಟ್ಟು ಯೂಟ್ಯೂಬ್ ನೆಚ್ಚಿಕೊಳ್ಳಬಹುದೇ?

ಪ್ರಶ್ನೆ (ಬನಶಂಕರಿ):
ಕಡಲೆಕಾಯಿ ಪರಿಷೆ, ಕೆ.ಆರ್. ಮಾರುಕಟ್ಟೆ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಬಗ್ಗೆ ಒಂದು ವರ್ಷದಿಂದ ಕನ್ನಡದಲ್ಲಿ ವಿಡಿಯೊ ಮಾಡುತ್ತಿದ್ದೇನೆ, ಹೆಚ್ಚಿನವು ಶಾರ್ಟ್ಸ್ ಎಂಬ ಕಿರು ವಿಡಿಯೊಗಳು. ಚಂದಾದಾರರು 1,400 ದಾಟಿದರೂ ಹಣ ಬಂದಿಲ್ಲ. ಕಚೇರಿಯ ಕೆಲಸ ಬಿಟ್ಟು ಇದನ್ನೇ ವೃತ್ತಿಯಾಗಿಸಿಕೊಳ್ಳುವುದು ಸರಿಯೇ?

ಉತ್ತರ (ಮಲ್ಲೇಶ್ವರ):
ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆಗಳು ಇರಬೇಕು; ಶಾರ್ಟ್ಸ್ ಫೀಡ್‌ನಲ್ಲಿ (ಒಂದಾದ ಮೇಲೊಂದು ಬರುವ ಕಿರು ವಿಡಿಯೊಗಳ ಸಾಲಿನಲ್ಲಿ) ನೋಡಿದ ಸಮಯ ಆ 4,000 ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ನೀವು ಎಡವಿರುವುದು ಬಹುಶಃ ಅಲ್ಲೇ. ಅರ್ಹತೆ ದೊರೆತ ಮೇಲೂ ದೀರ್ಘ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ನಿಮಗೆ ಬರುವುದು ಶೇ 55 ಮಾತ್ರ. ಬೆಂಗಳೂರಿನ ಮನೆ ಬಾಡಿಗೆಯನ್ನು ಇದೊಂದರಿಂದಲೇ ಕಟ್ಟುವ ಯೋಚನೆ ಸದ್ಯಕ್ಕೆ ಬೇಡ.

ಉತ್ತರ (ವಿಜಯನಗರ):
ನನಗೆ ಆಸರೆಯಾದದ್ದು ಜಾಹೀರಾತಲ್ಲ, ಪ್ರಾಯೋಜಕರು. ಬಡಾವಣೆಯ ಸಣ್ಣ ಹೋಟೆಲೊಂದು ಕೊಟ್ಟ ಹಣ ಮೂರು ತಿಂಗಳ ಜಾಹೀರಾತು ಪಾಲಿಗಿಂತ ಹೆಚ್ಚಿತ್ತು. ಹಾಗೆ ಹಣ ಪಡೆದಾಗ ವಿಡಿಯೊದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಲೇಬೇಕು. ಇನ್ನೊಂದು ಮಾತು: ದುಬಾರಿ ಕ್ಯಾಮೆರಾಗಿಂತ ಮೊದಲು ಒಳ್ಳೆಯ ಕಾಲರ್ ಮೈಕ್ ಕೊಳ್ಳಿ, ಏಕೆಂದರೆ ಮಾರುಕಟ್ಟೆಯ ಗದ್ದಲದಲ್ಲಿ ಹೂವಿನವರ ಮಾತೇ ಕೇಳಿಸದಿದ್ದರೆ ಯಾರೂ ಪೂರ್ತಿ ನೋಡುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ರಾಜೀನಾಮೆ ಪತ್ರವನ್ನು ಸದ್ಯಕ್ಕೆ ಕಳುಹಿಸುವುದಿಲ್ಲ. ಈ ಭಾನುವಾರ ಅವೆನ್ಯೂ ರಸ್ತೆಯ ಬಗ್ಗೆ ಇಪ್ಪತ್ತು ನಿಮಿಷಗಳ ವಿಡಿಯೊ ಚಿತ್ರೀಕರಿಸುತ್ತೇನೆ.