ಪದಚರ್ಚೆ: 'ಶೋಕ'ನಾ, 'ಸೂತಕ'ನಾ, 'ಕೊರಗು'ನಾ?

ಎಲ್ರಿಗೂ ನಮಸ್ಕಾರ. ಒಂದು ಚಿತ್ರದ ಹೆಸರನ್ನ ಕನ್ನಡಕ್ಕೆ ತರೋಕೆ ಹೋಗಿ ಎರಡು ದಿನದಿಂದ ಸಿಕ್ಕಾಕೊಂಡಿದೀನಿ.

ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1890ರ ಮೇ ತಿಂಗಳಲ್ಲಿ, ಅಂದ್ರೆ ತೀರಿಕೊಳ್ಳೋಕೆ ಎರಡೇ ತಿಂಗಳು ಮುಂಚೆ, ಬರೆದ ಚಿತ್ರ ಅದು. ನೀಲಿ ಬಟ್ಟೆ ಹಾಕಿರೋ ಮುದುಕ ಒಲೆ ಪಕ್ಕ ಕುರ್ಚಿ ಮೇಲೆ ಬಗ್ಗಿ ಕೂತು ಎರಡೂ ಮುಷ್ಟಿಗೆ ಮುಖ ಒತ್ಕೊಂಡಿದಾನೆ. ಇದರ ಮೂಲ 1882ರಲ್ಲಿ ನೆದರ್ಲೆಂಡ್ಸಿನ ಹೇಗ್ ಊರಲ್ಲಿ ಮಾಡಿದ ಕಲ್ಲಚ್ಚು (ಲಿಥೋಗ್ರಾಫ್), ವೃದ್ಧಾಶ್ರಮದ ಒಬ್ಬ ಮಾಜಿ ಸೈನಿಕನ್ನ ಕೂರಿಸಿಕೊಂಡು ಬರೆದಿದ್ದು. ಅದಕ್ಕೆ ಅವನೇ ಇಂಗ್ಲಿಷಲ್ಲಿ 'ಅನಂತದ ಬಾಗಿಲಲ್ಲಿ' ಅನ್ನೋ ಅರ್ಥದ ಹೆಸರು ಕೊಟ್ಟಿದ್ದ. ಡಚ್ಚರು ಈ ಚಿತ್ರಕ್ಕೆ ಹೇಳೋದು 'ಟ್ರ್ಯೋರೆಂದೆ ಔದೆ ಮಾನ್' ಅಂತ, ಅಂದ್ರೆ ಹೆಚ್ಚುಕಮ್ಮಿ 'ದುಃಖಪಡ್ತಿರೋ ಮುದುಕ'. ತೊಡಕು ಆ ಮೊದಲನೇ ಪದದ್ದು.

ದುಃಖಕ್ಕೆ ಡಚ್ಚಲ್ಲಿ ಇನ್ನೊಂದು ಪದನೂ ಇದೆ, 'ರೌ'. ಹಾಗಂದ್ರೆ ಸಾವಾದ ಮನೆಯ ದುಃಖ, ಕಪ್ಪು ಬಟ್ಟೆ ಎಲ್ಲಾ ಅದರಲ್ಲೇ ಬರುತ್ತೆ. ಇನ್ನೊಬ್ಬ ಡಚ್ ಚಿತ್ರಕಾರ ಯೋಸೆಫ್ ಇಸ್ರೇಲ್ಸ್ 1856ರಲ್ಲಿ ಬರೆದ, ಮೀನುಗಾರ ಮಕ್ಕಳನ್ನ ಕರ್ಕೊಂಡು ಅವರ ತಾಯಿ ಸಮಾಧಿ ಪಕ್ಕ ಹಾದು ಹೋಗೋ ಚಿತ್ರ ಇದೆಯಲ್ಲ, ಅದಕ್ಕೆ ಈ ಪದ ಸರಿ. ನಮ್ಮ ಚಿತ್ರದ ಹೆಸರಲ್ಲಿರೋ 'ಟ್ರ್ಯೋರೆಂದೆ'ಯ ಮೂಲ ಪದ 'ಟ್ರ್ಯೋರೆನ್' ಹಾಗಲ್ಲ, ಅದಕ್ಕೆ ಸಾವೇ ಆಗಿರಬೇಕಂತಿಲ್ಲ, ಕೊಂಬೆ ಇಳಿಬಿಟ್ಟ ವಿಲ್ಲೋ ಮರಕ್ಕೂ ಅವರು ಇದೇ ಪದ ಸೇರಿಸ್ತಾರೆ.

'ಶೋಕತಪ್ತ ವೃದ್ಧ' ಅಂತ ಹಾಕಿದ್ರೆ ಶ್ರದ್ಧಾಂಜಲಿ ಜಾಹೀರಾತು ಓದಿದ ಹಾಗಾಗುತ್ತೆ. ಗೆಳೆಯರೊಬ್ರು 'ಸೂತಕ' ಅಂದ್ರು, ಅದಂತೂ ಪೂರ್ತಿ ಎಡವಟ್ಟು, ಯಾಕಂದ್ರೆ ನಮ್ಮ ಬಹಳಷ್ಟು ಮನೆಗಳಲ್ಲಿ ಸೂತಕ ಅಂದ್ರೆ ದೇವರ ದೀಪನೂ ಹಚ್ಚಲ್ಲ, ಪೂಜೆ ನಿಲ್ಲೋದೇ ಸೂತಕ! (ಶರಣರು ಪಂಚಸೂತಕ, ಅಂದ್ರೆ ಹುಟ್ಟು ಸಾವು ಮುಂತಾದ ಐದು ಬಗೆ ಸೂತಕ, ಒಪ್ಪಲಿಲ್ಲ, ಅವರ ಕಡೆಯೋರು ಬೇರೆ ಹೇಳಬಹುದು.) ಈ ಚಿತ್ರದಲ್ಲಿ ನೋಡಿದ್ರೆ ದುಃಖದ ಒಳಗೇ ಪ್ರಾರ್ಥನೆ ಇದೆ. ಒಲೆ ಮೂಲೇಲಿ ಸುಮ್ನೆ ಕೂತ ಇಂಥ ಮುದುಕನ ಮುಖದಲ್ಲೇ ದೇವರು, ಅನಂತ ಇರೋದಕ್ಕೆ ಸಾಕ್ಷಿ ಕಾಣುತ್ತೆ ಅಂತ ವಿನ್ಸೆಂಟ್ ತಮ್ಮ ತಿಯೋಗೆ ಬರೆದಿದ್ದ.

ಸದ್ಯಕ್ಕೆ 'ಕೊರಗುತ್ತಿರುವ ಮುದುಕ' ಅಂತ ಇಟ್ಟಿದೀನಿ. ಬಾಗಿದ ಬೆನ್ನು ಅದರಲ್ಲಿ ಬಂತು, ಆದ್ರೆ ಪ್ರಾರ್ಥನೆ ಬಿಟ್ಟೋಯ್ತು. 'ಮೊರೆ' ಅಂದ್ರೆ ಕೂಗಿ ಕರೆದ ಹಾಗೆ, ಇವನು ತುಟಿನೂ ಬಿಚ್ಚಿಲ್ಲ. 'ನೆನೆಯೋದು' ಅಂತ ಹೊಳೀತು, ದೇವರನ್ನೂ ನೆನೀತೀವಿ, ಹೋದವರನ್ನೂ ನೆನೀತೀವಿ, ಎರಡಕ್ಕೂ ಒಂದೇ ಮಾತು, ಎಷ್ಟು ಚೆನ್ನಾಗಿದೆ! ಖುಷಿಯಾಗಿ ಮನೇಲಿ 'ನೆನೆಯುತ್ತಿರುವ ಮುದುಕ' ಅಂತ ಓದಿ ಹೇಳಿದ್ರೆ ನಮ್ಮಮ್ಮ 'ಪಾಪ, ಕೊಡೆ ತಗೊಂಡು ಹೋಗಿರ್ಲಿಲ್ವಾ' ಅಂದ್ರು.

ನಿಮ್ಮ ಕಡೆ, ಮಾತಿಲ್ದೆ ದುಃಖದಲ್ಲಿ ಕೂತು ಒಳಗೊಳಗೇ ದೇವರನ್ನ ಬೇಡ್ಕೊಳೋದಕ್ಕೆ ಒಂದೇ ಪದ ಇದ್ರೆ ತಿಳಿಸಿ, ಮಂಗಳೂರು, ಧಾರವಾಡ, ಬೀದರ್ ಯಾವ ಕಡೆದಾದ್ರೂ ಸರಿ.