ಗೋಡೆಯ ಚಿತ್ರಕ್ಕೆ ‘ಪ್ರತಿಕೃತಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಹೊಸ ಮನೆಗೆ ಬಂದಿದ್ದೇವೆ. ಹಾಲ್‌ನ ಗೋಡೆ ಬೋಳು ಬೋಳಾಗಿ ಕಾಣುತ್ತಿತ್ತು, ಎರಡು ಚಿತ್ರ ತರಿಸಿದೆ. ಒಂದು ವ್ಯಾನ್ ಗೋ 1889ರಲ್ಲಿ ಬರೆದ ‘ಸ್ಟಾರಿ ನೈಟ್’, ಕಾಗದದ ಮೇಲೆ ಅಚ್ಚಾದದ್ದು. ಇನ್ನೊಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರ, ಕ್ಯಾನ್ವಾಸ್ ಬಟ್ಟೆಯ ಮೇಲೆ. (ಬರೆದವರು ಹಲ್ದಣಕರ್. ಆದರೂ ಎಷ್ಟೋ ಜನ ಅದನ್ನು ರವಿವರ್ಮನದೇ ಅಂತ ವಾದ ಮಾಡುತ್ತಾರೆ.)

ಮೊನ್ನೆ ದೊಡ್ಡಮ್ಮ ಬಂದು ‘ಸ್ಟಾರಿ ನೈಟ್’ ನೋಡಿ, ‘ಇದು ಅಸಲೀನಾ?’ ಅಂದರು. ಅಸಲಿ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ ಅಂದೆ. ‘ಹಂಗಾದ್ರೆ ನಕಲಿ ತಂದು ಹಾಕಿದೀಯಾ?’ ಅಂದುಬಿಟ್ಟರು.

ಇಂಥ ಅಚ್ಚಾದ ಚಿತ್ರಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಅಲ್ಲಿಂದ ತಲೆ ತಿನ್ನುತ್ತಿದೆ. ನಕಲಿ ನೋಟು, ನಕಲಿ ಬೀಜ, ನಕಲಿ ಡಾಕ್ಟರ್, ಎಲ್ಲದರಲ್ಲೂ ಮೋಸ ಇದೆ. ನಾನು ಯಾರಿಗೂ ಮೋಸ ಮಾಡಿಲ್ಲ. ‘ನಕಲು’ ಸ್ವಲ್ಪ ಮೇಲು, ಪಹಣಿಯ ನಕಲು ತರುವಾಗ ಯಾರೂ ನಾಚಿಕೊಳ್ಳುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಹೊಡೆಯುವುದೂ ನಕಲೇ. ಪುಸ್ತಕಕ್ಕಾದರೆ ‘ಪ್ರತಿ’ ಇದೆ. ‘ಚಿತ್ರದ ಒಂದು ಪ್ರತಿ ಕೊಡಿ’ ಅಂದರೆ ಜೆರಾಕ್ಸ್ ಮಾಡಿ ಕೊಟ್ಟಾರು.

ಬರಹಗಳಲ್ಲಿ ‘ಪ್ರತಿಕೃತಿ’ ಅಂತ ಬರೆಯುವುದನ್ನು ನೋಡಿದ್ದೇನೆ. ಪದವೇನೋ ಸರಿ. ಆದರೆ ಪೇಪರ್ ಓದುವ ನಮಗೆ ಆ ಪದದ ಹಿಂದೆಯೇ ‘ದಹನ’ ಬರುತ್ತದೆ, ಅಲ್ವಾ? ಜಯದೇವ ಸರ್ಕಲ್‌ನಲ್ಲಿ ಸುಡುವುದನ್ನು ಮನೆಯ ಗೋಡೆಗೆ ಹೇಗೆ ತೂಗು ಹಾಕಲಿ?

ನನಗೆ ಹಿಡಿಸಿದ್ದು ‘ಪಟ’. ರವಿವರ್ಮ 1894ರಲ್ಲಿ ಬೊಂಬಾಯಿಯಲ್ಲಿ ಪ್ರೆಸ್ ಶುರು ಮಾಡಿದ ಮೇಲೆ ಅವರ ಲಕ್ಷ್ಮಿ, ಸರಸ್ವತಿ ಅಚ್ಚಾಗಿ ಮನೆಮನೆಗೆ ಬಂದರು. ಅವೂ ವರ್ಣಚಿತ್ರದ ಅಚ್ಚುಗಳೇ. ನಮ್ಮ ಅಜ್ಜಿ ಅದಕ್ಕೆ ಕುಂಕುಮ ಇಡುವಾಗ ನಕಲಿ ಅಂದದ್ದು ನಾನು ಕೇಳಿಲ್ಲ, ‘ಲಕ್ಷ್ಮಿ ಪಟ’ ಅಷ್ಟೆ. ‘ಪಟ’ ಅಂದರೆ ಮೂಲದಲ್ಲಿ ಬಟ್ಟೆ. ಹಾಯಿಪಟದಲ್ಲಿ ಆ ಅರ್ಥ ಈಗಲೂ ಉಳಿದಿದೆ. ಹಾಗೆ ನೋಡಿದರೆ ನನ್ನ ಕ್ಯಾನ್ವಾಸ್ ಚಿತ್ರಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಒಂದೇ ತೊಂದರೆ, ಪಟ ಅಂದ ಕೂಡಲೇ ಜನ ದೇವರನ್ನು ಹುಡುಕುತ್ತಾರೆ. ದೀಪದ ಹೆಂಗಸನ್ನು ನೋಡಿ ‘ಇದು ಯಾವ ಅಮ್ಮನವರು?’ ಅಂತ ಪಕ್ಕದ ಮನೆಯವರು ಆಗಲೇ ಕೇಳಿದ್ದಾಯಿತು.

‘ಅಚ್ಚುಪಟ’ ಅಂದರೆ ಹೇಗೆ? ಕೃತಕ ಅನ್ನಿಸುತ್ತದಾ? ‘ಪಡಿಯಚ್ಚು’ ಇನ್ನೂ ಚೆಂದ, ಆದರೆ ಅದನ್ನು ಅಪ್ಪನ ಹಾಗೇ ಇರುವ ಮಗನಿಗೆ ಬಿಟ್ಟುಕೊಟ್ಟಿದ್ದೇವೆ.

ಇನ್ನೊಂದು ಮಾತು. ಇಲ್ಲಿ ಹಳಬರು ‘ಫೋಟೋಕ್ಕೆ ಕಟ್ಟು ಹಾಕಿಸು’ ಅನ್ನುತ್ತಾರೆ. ನಾನು ಅಂಗಡಿಯಲ್ಲಿ ‘ಚೌಕಟ್ಟು’ ಅಂದರೆ, ಹುಡುಗ ‘ಬಾಗಿಲಿಗಾ ಸರ್?’ ಅಂದ. ನಿಮ್ಮ ಕಡೆ ಕಟ್ಟು ಹಾಕುವವರು ಇಂಥ ಚಿತ್ರಕ್ಕೆ ಏನಂತಾರೆ? ಫೋಟೋ ಅಂತಲೇನಾ?