ಮಗಳಿಗೆ ಎಂಎಸ್ ಇದೆ: ಯುಡಿಐಡಿ ಕಾರ್ಡು ಮಾಡಿಸಬೇಕೇ? ಗಾಲಿಕುರ್ಚಿ ಗುರುತಿನ ಜಾಗದಲ್ಲಿ ಕಾರು ನಿಲ್ಲಿಸಬಹುದೇ?

ಪ್ರಶ್ನೆ, ಮೈಸೂರಿನಿಂದ

ನನ್ನ ಮಗಳಿಗೆ 27 ವರ್ಷ. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಇದೆಯೆಂದು ಈಚೆಗೆ ಗೊತ್ತಾಯಿತು. ಬೆಳಿಗ್ಗೆ ಆರಾಮವಾಗಿ ಓಡಾಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ, ಅದರಲ್ಲೂ ಬೇಸಿಗೆಯಲ್ಲಿ, ಎಡಗಾಲು ಎಳೆಯತೊಡಗುತ್ತದೆ, ಕಣ್ಣು ಮಂಜಾಗುತ್ತದೆ. ಕಳೆದ ವಾರ ಒಂದು ಮಾಲ್‌ನಲ್ಲಿ ಗಾಲಿಕುರ್ಚಿ ಗುರುತಿನ ಜಾಗದಲ್ಲಿ ಕಾರು ನಿಲ್ಲಿಸಿದೆವು. ಕಾವಲುಗಾರ, "ಚೆನ್ನಾಗಿ ನಡೆಯುತ್ತಿದ್ದಾರಲ್ಲ, ಗಾಡಿ ತೆಗೆಯಿರಿ" ಎಂದು ಎಲ್ಲರೆದುರು ಕೂಗಿದ. ಮಗಳು ಅಳುತ್ತಲೇ ಮನೆಗೆ ಬಂದಳು. ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಸರ್ಕಾರಿ ಗುರುತಿನ ಕಾರ್ಡು ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳುತ್ತಾರೆ. "ಆ ಹಣೆಪಟ್ಟಿ ಒಮ್ಮೆ ಅಂಟಿತೆಂದರೆ ಗಂಡು ಸಿಗುವುದಿಲ್ಲ" ಎಂದು ನಾದಿನಿಯರು ಹೇಳುತ್ತಾರೆ. ಕಾರಿಗೆ ಅಂಟಿಸುವ ಸರ್ಕಾರಿ ಪರವಾನಗಿ ಏನಾದರೂ ಇದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ

ಅಮ್ಮಾ, ನನಗೂ ಎಂಎಸ್ ಇದೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಗಳ ದಿನಚರಿ ಓದುತ್ತಿದ್ದಂತೆ ನನ್ನದನ್ನೇ ಓದಿದಂತಾಯಿತು. ಮೈ ಬಿಸಿಯಾದರೆ ಹಳೆಯ ಲಕ್ಷಣಗಳೆಲ್ಲ ತಲೆಯೆತ್ತುವುದು ಈ ಕಾಯಿಲೆಯ ಗುಣ. ನರದ ಮೇಲಿನ ಹೊದಿಕೆ ಹಾಳಾಗಿರುವ ಕಡೆ, ಉಷ್ಣತೆ ಸ್ವಲ್ಪ ಏರಿದರೂ ಸಂದೇಶ ಸಾಗುವುದು ನಿಧಾನವಾಗುತ್ತದೆ. ಆದ್ದರಿಂದ ಬೆಳಿಗ್ಗೆ ನಡೆದವಳು ಮಧ್ಯಾಹ್ನ ನಡೆಯಲಾರದೆ ಹೋಗುವುದರಲ್ಲಿ ಸೋಮಾರಿತನವಿಲ್ಲ, ನಾಟಕವೂ ಇಲ್ಲ. ಇದನ್ನು ಮೊದಲು ಮನೆಯವರಿಗೆ ಬಿಡಿಸಿ ಹೇಳಿ. ಹೊರಗಿನವರ ಮಾತು ತಡೆದುಕೊಳ್ಳಬಹುದು. ಮನೆಯಲ್ಲೇ "ಈಗ ತಾನೇ ಚೆನ್ನಾಗಿದ್ದಳಲ್ಲ" ಎಂದರೆ ಮನಸ್ಸು ಕುಸಿಯುತ್ತದೆ.

ಪ್ರಮಾಣಪತ್ರ ಮಾಡಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. 1995ರ ಹಳೆಯ ಕಾಯ್ದೆಯಲ್ಲಿ ಅಂಗವಿಕಲತೆ ಎಂದರೆ ಏಳು ಬಗೆ ಮಾತ್ರ. ಎಂಎಸ್‌ನ ಹೆಸರೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಪಟ್ಟಿ 21ಕ್ಕೆ ಏರಿತು. ಎಂಎಸ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳು ದೀರ್ಘಕಾಲದ ನರಸಂಬಂಧಿ ತೊಂದರೆಗಳಾಗಿ ಅದರೊಳಗೆ ಬಂದವು. ಅಂಗವಿಕಲರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿ ತಂದ ಕಾಯ್ದೆ ಇದು. ನಿಮ್ಮ ಮಗಳು ಇದರಲ್ಲಿ ಯಾರ ಪಾಲನ್ನೂ ಕಸಿದುಕೊಳ್ಳುತ್ತಿಲ್ಲ.

ಪ್ರಮಾಣಪತ್ರ, ಕಾರ್ಡು ಎರಡಕ್ಕೂ ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಇದ್ದರೆ ಸಾಕು. ಆಸ್ಪತ್ರೆಯನ್ನು ಅಲ್ಲೇ ಆರಿಸಿಕೊಂಡು, ಅವರು ಕರೆದ ದಿನ ತಪಾಸಣೆಗೆ ಹೋಗಬೇಕು. ನಮ್ಮಂಥವರಿಗೆ ಕಷ್ಟ ಇರುವುದು ಇಲ್ಲೇ. ತಪಾಸಣೆ ಸಾಮಾನ್ಯವಾಗಿ ಬೆಳಿಗ್ಗೆ, ಕಾಲಿನಲ್ಲಿ ಶಕ್ತಿ ಇರುವ ಹೊತ್ತಿನಲ್ಲಿ ನಡೆಯುತ್ತದೆ. ವೈದ್ಯರು ಎದ್ದು ನಿಲ್ಲಿ ಎನ್ನುತ್ತಾರೆ, ನಾವು ನಿಲ್ಲುತ್ತೇವೆ. ನಡೆಯಿರಿ ಎನ್ನುತ್ತಾರೆ, ನಡೆದು ತೋರಿಸುತ್ತೇವೆ. ಅದಕ್ಕೇ ಎಂಆರ್‌ಐ ವರದಿಯ ಜೊತೆಗೆ ನಿಮ್ಮ ನರರೋಗ ತಜ್ಞರಿಂದ ಒಂದು ವಿವರವಾದ ಪತ್ರ ಬರೆಸಿಕೊಂಡು ಹೋಗಿ. ಎಷ್ಟು ದೂರ ನಡೆದ ಮೇಲೆ ಕಾಲು ಎಳೆಯುತ್ತದೆ, ದೃಷ್ಟಿ ಎಷ್ಟು ಕುಂದಿದೆ, ಬಿಸಿಲಿಗೆ ಏನಾಗುತ್ತದೆ, ಈವರೆಗೆ ಯಾವಾಗ ಯಾವಾಗ ಕಾಯಿಲೆ ಉಲ್ಬಣಿಸಿದೆ, ಮೂತ್ರದ ತೊಂದರೆ ಇದ್ದರೆ ಅದೂ, ಎಲ್ಲವೂ ಅದರಲ್ಲಿರಲಿ. ಸಂಕೋಚಪಟ್ಟುಕೊಂಡು "ಪರವಾಗಿಲ್ಲ, ನಿಭಾಯಿಸುತ್ತೇನೆ" ಎನ್ನುವುದು ನಮ್ಮ ಹೆಣ್ಣುಮಕ್ಕಳ ಅಭ್ಯಾಸ. ಆ ಕೋಣೆಯಲ್ಲಿ ಆ ಮಾತು ಬೇಡ. ಇರುವುದನ್ನು ಇದ್ದಂತೆ ಹೇಳಲಿ.

ಅಂಗವಿಕಲತೆ ಶೇ 40ಕ್ಕಿಂತ ಕಡಿಮೆ ಎಂದಾದರೆ ಬಿಳಿ ಪಟ್ಟಿಯ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40 ಬೇಕು. ಕಾಯಿಲೆ ಏರಿಳಿಯುವಂಥದ್ದಾದ್ದರಿಂದ ಪ್ರಮಾಣಪತ್ರವನ್ನು ಇಂತಿಷ್ಟು ವರ್ಷಕ್ಕೆಂದು ಕೊಡಬಹುದು. ಅವಧಿ ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಇನ್ನು ಮದುವೆಯ ಮಾತು. ಕಾರ್ಡು ಪರ್ಸಿನೊಳಗಿರುತ್ತದೆ, ಬೇಕಾದ ಕಡೆ ಮಾತ್ರ ತೋರಿಸುವುದು. ಅದನ್ನು ಮಾಡಿಸದಿದ್ದರೆ ಕಾಯಿಲೆಯೇನೂ ಇಲ್ಲದಂತಾಗುವುದಿಲ್ಲ. ನನ್ನನ್ನು ನೋಡಲು ಬಂದವರಿಗೆ ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳುತ್ತಿದ್ದೆ. ಕೆಲವರು ಕಾಫಿ ಲೋಟ ಕೆಳಗಿಟ್ಟು ಹೊರಟರು. ಹೊರಟಿದ್ದು ಒಳ್ಳೆಯದೇ ಆಯಿತು. ಈಗಿನ ನನ್ನ ಯಜಮಾನರು "ಔಷಧ ಫ್ರಿಜ್‌ನಲ್ಲಿ ಇಡಬೇಕೇ?" ಎಂದು ಕೇಳಿದರು. ಮುಚ್ಚಿಟ್ಟು ಮದುವೆ ಮಾಡಿದರೆ ಸೂಜಿಮದ್ದನ್ನೂ ಬಾಗಿಲು ಹಾಕಿಕೊಂಡು ತೆಗೆದುಕೊಳ್ಳಬೇಕಾಗುತ್ತದೆ. ಯಾವ ಹುಡುಗಿಗೂ ಆ ಬದುಕು ಬೇಡ.

ಬೆಂಗಳೂರಿನಿಂದ

ಮೇಡಂ, ನಾನು ಪೋಲಿಯೋದಿಂದ ಎರಡೂ ಕಾಲಿನ ಶಕ್ತಿ ಕಳೆದುಕೊಂಡವನು. ಕೈಯಿಂದಲೇ ಬ್ರೇಕ್ ಮತ್ತು ಆಕ್ಸಿಲರೇಟರ್ ನಡೆಸುವಂತೆ ಮಾರ್ಪಡಿಸಿದ ಕಾರು ಓಡಿಸುತ್ತೇನೆ. ಪಾರ್ಕಿಂಗ್ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನಮ್ಮ ದೇಶದಲ್ಲಿ ಎಲ್ಲ ಕಡೆ ನಡೆಯುವ ಪಾರ್ಕಿಂಗ್ ಪರವಾನಗಿ ಎಂಬುದಿಲ್ಲ. ಕಾರುಗಳ ಹಿಂದಿನ ಗಾಜಿನ ಮೇಲೆ ಕಾಣುವ ನೀಲಿ ಚಿತ್ರವನ್ನು ಬಿಡಿಭಾಗಗಳ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಅದಕ್ಕೇ ಕಾವಲುಗಾರರು ಅದನ್ನು ನಂಬುವುದಿಲ್ಲ, ಮನುಷ್ಯರ ಕಾಲನ್ನು ನೋಡಿ ತೀರ್ಮಾನಿಸುತ್ತಾರೆ. ನಿಮ್ಮ ಮಗಳ ವಿಷಯದಲ್ಲಿ ನಡೆದದ್ದೂ ಅದೇ. ನಾಲ್ಕು ಜನರೆದುರು ಮೈ ತೋರಿಸಿ ಅರ್ಹತೆ ಸಾಬೀತು ಮಾಡಬೇಕಾದ ಸ್ಥಿತಿಗೆ ಒಂದು ಸರಿಯಾದ ಪರವಾನಗಿ ಪದ್ಧತಿ ಇಲ್ಲದಿರುವುದೇ ಕಾರಣ. ನನಗೆ ತುಂಬ ಸಿಟ್ಟು ಬರುವುದು ಈ ವಿಷಯಕ್ಕೆ.

ಸದ್ಯಕ್ಕೆ ನಾವು ಮಾಡಬಹುದಾದದ್ದು ಇಷ್ಟು. ಯುಡಿಐಡಿ ಕಾರ್ಡಿನ ನಕಲನ್ನು, ಸಂಖ್ಯೆ ಮತ್ತು ವಿಳಾಸ ಮುಚ್ಚಿ, ಲ್ಯಾಮಿನೇಟ್ ಮಾಡಿಸಿ ಮುಂದಿನ ಗಾಜಿನ ಬಳಿ ಇಡಿ. ಮೂಲ ಕಾರ್ಡಿನ ಚಿತ್ರ ಮೊಬೈಲ್‌ನಲ್ಲಿರಲಿ. ಹೋಗುವ ಜಾಗಕ್ಕೆ ಮೊದಲೇ ಫೋನ್ ಮಾಡಿ, "ಅಂಗವಿಕಲರ ಪಾರ್ಕಿಂಗ್ ಎಲ್ಲಿದೆ, ಅಲ್ಲಿಂದ ಲಿಫ್ಟ್‌ಗೆ ಮೆಟ್ಟಿಲಿಲ್ಲದ ದಾರಿ ಇದೆಯೇ" ಎಂದು ಕೇಳಿ. ಕಾರು ಮಗಳ ಹೆಸರಿನಲ್ಲಿದ್ದರೆ, ಮೋಟಾರು ವಾಹನ ನಿಯಮಗಳ 2020ರ ತಿದ್ದುಪಡಿಯ ನಂತರ ನೋಂದಣಿ ಅರ್ಜಿಯಲ್ಲಿ ಮಾಲೀಕತ್ವದ ಬಗೆ 'ದಿವ್ಯಾಂಗಜನ' ಎಂದು ದಾಖಲಿಸಬಹುದು. ಮೋಟಾರು ವಾಹನ ಕಾಯ್ದೆ 2019ರವರೆಗೂ ನಮ್ಮ ಗಾಡಿಗಳನ್ನು 'ಇನ್‌ವ್ಯಾಲಿಡ್ ಕ್ಯಾರೇಜ್' (ಅಶಕ್ತರ ಗಾಡಿ) ಎಂದೇ ಕರೆಯುತ್ತಿತ್ತು. ಅದು ಹೋಗಿ 'ಮಾರ್ಪಡಿಸಿದ ವಾಹನ' ಎಂದಾಗಿದೆ.

ಆ ಜಾಗ ಏಕೆ ಅಷ್ಟು ಅಗಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಕಟ್ಟಡ ಸಂಹಿತೆಯ ಪ್ರಕಾರ ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗೆ ಇಂಥ ಎರಡು ಜಾಗ ಇರಬೇಕು, ಒಂದೊಂದೂ ಕನಿಷ್ಠ 3.6 ಮೀಟರ್ ಅಗಲ. ನಾನು ಕಾರಿನಿಂದ ಇಳಿಯುವುದು ಹೀಗೆ: ಬಾಗಿಲನ್ನು ಪೂರ್ತಿ ತೆರೆಯುತ್ತೇನೆ. ಪಕ್ಕದ ಸೀಟಿನಿಂದ ಕುರ್ಚಿಯ ಚೌಕಟ್ಟನ್ನು ಎದೆಯ ಮೇಲಿಂದ ಎತ್ತಿ ಹೊರಗಿಡುತ್ತೇನೆ. ಒಂದೊಂದೇ ಚಕ್ರ ಸಿಕ್ಕಿಸಿ, ಬ್ರೇಕ್ ಹಾಕಿ, ಒಂದು ಕೈ ಸೀಟಿನ ಮೇಲೆ, ಇನ್ನೊಂದು ಕುರ್ಚಿಯ ಮೇಲೆ ಊರಿ ಮೈಯನ್ನು ದಾಟಿಸುತ್ತೇನೆ. ಪಕ್ಕದಲ್ಲಿ ಯಾರೋ "ಐದೇ ನಿಮಿಷ" ಎಂದು ಒಂದು ಸ್ಕೂಟರ್ ನಿಲ್ಲಿಸಿದ್ದರೂ ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ. ಅವರು ವಾಪಸ್ ಬರುವವರೆಗೆ ನಾನು ಕಾರಿನಲ್ಲೇ ಬಂದಿ. ನಿಮ್ಮ ಮಗಳಿಗೆ ಅಗಲಕ್ಕಿಂತ ಆ 30 ಮೀಟರ್ ಮುಖ್ಯ. ಇಬ್ಬರ ಅಗತ್ಯ ಬೇರೆ, ಜಾಗ ಒಂದೇ. ಅದರ ಮೇಲೆ ನನಗಿರುವಷ್ಟೇ ಹಕ್ಕು ಅವಳಿಗೂ ಇದೆ. ಗಾಲಿಕುರ್ಚಿಯ ಚಿತ್ರ ಬರೀ ಗುರುತು. 1968ರಲ್ಲಿ ಸೂಸನ್ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಬರೆದ ಆ ಚಿತ್ರ ಈಗ ಎಲ್ಲ ಬಗೆಯ ಅಂಗವಿಕಲತೆಗೂ ನಿಲ್ಲುತ್ತದೆ.

ಕಾವಲುಗಾರನ ಮೇಲೆ ಸಿಟ್ಟಾಗಬೇಡಿ. ಗುತ್ತಿಗೆ ಸಂಬಳದ ಮನುಷ್ಯ, ಅವನಿಗೆ ಯಾರೂ ಏನನ್ನೂ ಹೇಳಿಕೊಟ್ಟಿರುವುದಿಲ್ಲ. ವ್ಯವಸ್ಥಾಪಕರನ್ನು ಕರೆಸಿ, ಆಮೇಲೆ ಬರಹದಲ್ಲಿ ದೂರು ಕೊಡಿ. ಆದರೆ ಬೇಕೆಂತಲೇ ಸಾರ್ವಜನಿಕರೆದುರು ಅವಮಾನಿಸುವವರ ವಿಷಯ ಬೇರೆ. 2016ರ ಕಾಯ್ದೆಯ ಸೆಕ್ಷನ್ 92ರಲ್ಲಿ ಅದಕ್ಕೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ಇದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ

ಅಕ್ಕಾ, ನಾನು ಶಿವಮೊಗ್ಗದ ಕಡೆಯವನು. ಅಮ್ಮ ಇಲ್ಲಿ ನಮ್ಮೊಂದಿಗಿದ್ದಾರೆ, ಅವರಿಗೆ ಪಾರ್ಕಿನ್ಸನ್. ಇಲ್ಲಿ 'ಬ್ಲೂ ಬ್ಯಾಡ್ಜ್' ಎಂಬ ಪರವಾನಗಿ ಇದೆ. ಸ್ಥಳೀಯ ಆಡಳಿತ ಕೊಡುತ್ತದೆ, ಗರಿಷ್ಠ ಮೂರು ವರ್ಷ ನಡೆಯುತ್ತದೆ. ಬ್ಯಾಡ್ಜ್ ಇರುವುದು ವ್ಯಕ್ತಿಗೆ, ಕಾರಿಗಲ್ಲ. ಅಮ್ಮ ಯಾರ ಕಾರಿನಲ್ಲಿ ಹೋದರೂ ಅದನ್ನು ಮುಂದಿನ ಗಾಜಿನ ಬಳಿ ಇಟ್ಟರೆ ಆಯಿತು. ಗಾಜಿಗೆ ಅಂಟಿಸುವ ಚಿತ್ರಕ್ಕಿಂತ ಇದು ಎಷ್ಟೋ ಮೇಲು. ನಮ್ಮಲ್ಲೂ ಹೀಗೇ ಆಗಬೇಕೆಂಬುದು ನನ್ನ ಆಸೆ.

ನಿಮ್ಮ ಮಗಳಂಥವರಿಗೆ ಮುಖ್ಯವಾದ ಬದಲಾವಣೆ ಇಂಗ್ಲೆಂಡಿನಲ್ಲಿ 2019ರ ಆಗಸ್ಟ್ 30ರಂದು ಬಂತು. ಹೊರಗೆ ಕಾಣದ ತೊಂದರೆ ಇರುವವರಿಗೂ ಬ್ಯಾಡ್ಜ್ ಪಡೆಯಲು ಅಂದಿನಿಂದ ದಾರಿ ತೆರೆಯಿತು. ಅಷ್ಟಾದರೂ ಗೊಣಗುವವರು ಇದ್ದೇ ಇದ್ದಾರೆ; ನಾನು ಅವರಿಗೆ ಬ್ಯಾಡ್ಜ್ ತೋರಿಸಿ ಅಮ್ಮನ ಕೈ ಹಿಡಿದುಕೊಂಡು ಮುಂದೆ ಹೋಗುತ್ತೇನೆ. ಕಾಯಿಲೆಯ ಚರಿತ್ರೆಯನ್ನು ಬೀದಿಯಲ್ಲಿ ಯಾರಿಗೂ ಒಪ್ಪಿಸಬೇಕಾಗಿಲ್ಲ. ಇಲ್ಲಿರುವ ನಮ್ಮವರಿಗೂ ಒಂದು ಮಾತು: ಅಮ್ಮನನ್ನು ಮನೆಯಲ್ಲಿ ಬಿಟ್ಟು ಅವರ ಬ್ಯಾಡ್ಜ್ ಇಟ್ಟುಕೊಂಡು ಸಾಮಾನು ತರಲು ಹೋಗುವುದು ಅಪರಾಧ. 1,000 ಪೌಂಡ್‌ವರೆಗೆ ದಂಡ ಬೀಳುತ್ತದೆ. ಅದಕ್ಕಿಂತ ದೊಡ್ಡದು, ಆ ಹೊತ್ತಿಗೆ ನಿಜವಾಗಿ ಜಾಗ ಬೇಕಾಗಿದ್ದವರು ಸುತ್ತಿ ಸುತ್ತಿ ವಾಪಸ್ ಹೋಗಿರುತ್ತಾರೆ.

ಮಂಗಳೂರಿನಿಂದ

ಎಲ್ಲರೂ ಕಾರ್ಡು ಮಾಡಿಸಿ ಎನ್ನುತ್ತಿದ್ದೀರಿ. ನನಗೆ ಸ್ವಲ್ಪ ಬೇರೆ ಅನ್ನಿಸುತ್ತದೆ. ನನ್ನ ಮಗನಿಗೆ ಸ್ನಾಯು ಕ್ಷಯ ಇದೆ. ಆ ಮಾತನ್ನು ಒಪ್ಪಿಕೊಳ್ಳಲು ಅವನಿಗೇ ಬಹಳ ಕಾಲ ಬೇಕಾಯಿತು. ನಾವು ಅವಸರ ಮಾಡಿದ್ದರೆ ನಮ್ಮ ಮೇಲೆಯೇ ತಿರುಗಿಬೀಳುತ್ತಿದ್ದ. 27 ವರ್ಷದ ಹೆಣ್ಣುಮಗಳ ವಿಷಯದಲ್ಲಿ ಅತ್ತೆಯರೂ ಅಮ್ಮನೂ ನಾವೂ ಮಾತಾಡುತ್ತಿದ್ದೇವೆ. ಅವಳು ಏನು ಹೇಳುತ್ತಾಳೆ?

ಹುಬ್ಬಳ್ಳಿಯಿಂದ

ಸರ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅರ್ಜಿಯ ಮೇಲೆ ಸಹಿ ಅವಳದೇ ಆಗಬೇಕು, ಮನಸ್ಸೂ ಅವಳದೇ. ಅಮ್ಮಾ, ಮಗಳು ಒಪ್ಪುವ ತನಕ ಕಾಗದಪತ್ರ ಒಟ್ಟುಮಾಡಿ ಇಟ್ಟುಕೊಳ್ಳಿ, ಅಷ್ಟೇ.

ಬೆಂಗಳೂರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ

ನಮ್ಮಲ್ಲಿ ಒಬ್ಬ ಹಿರಿಯರಿಗೆ ಲಿಫ್ಟಿನ ಪಕ್ಕದ ಜಾಗ ಬೇಕಾಗಿತ್ತು. "ಜಾಗ ದುಡ್ಡು ಕೊಟ್ಟು ಕೊಂಡದ್ದು, ಏಕೆ ಬಿಡಬೇಕು" ಎಂದು ಸಭೆಯಲ್ಲಿ ಜಗಳವೇ ಆಯಿತು. ಕೊನೆಗೆ ಯಾರ ಮಾಲೀಕತ್ವವನ್ನೂ ಮುಟ್ಟದೆ, ಇಬ್ಬರ ನಡುವೆ ಬಳಕೆಯನ್ನು ಮಾತ್ರ ಅದಲು ಬದಲು ಮಾಡಿ ಬರೆದುಕೊಂಡೆವು. ಅದಕ್ಕೆ ಒಪ್ಪಿದವರು ಮೊದಲು ಜೋರಾಗಿ ವಿರೋಧಿಸಿದವರೇ. ಹಿರಿಯರು ಕಂಬ ಹಿಡಿದುಕೊಂಡು ನೆಲಮಾಳಿಗೆಯ ಇಳಿಜಾರು ಹತ್ತುವುದನ್ನು ಒಂದು ಸಂಜೆ ಅವರು ಕಣ್ಣಾರೆ ನೋಡಿದ್ದರು. ಹೀಗೆ ಮಾತಿನಲ್ಲಿ ಬಗೆಹರಿಯದಿದ್ದರೆ ಅಂಗವಿಕಲರ ಹಕ್ಕುಗಳಿಗಾಗಿ ಇರುವ ರಾಜ್ಯ ಆಯುಕ್ತರಿಗೆ ಬರೆಯಬಹುದು. ಜನರನ್ನು ಕರೆಸಿ ವಿಚಾರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಸಾರ್ವಜನಿಕ ಸ್ಥಳಗಳು ಅಂಗವಿಕಲರು ಸುಲಭವಾಗಿ ಪ್ರವೇಶಿಸುವಂತಿರಬೇಕೆಂಬ ನಿಯಮ ಬರೀ ಸಲಹೆಯಾಗಿರಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಶಿರಸಿ ಕಡೆಯಿಂದ

ಹಳ್ಳಿಯಲ್ಲಿರುವವರೂ ಇದನ್ನು ಓದುತ್ತಿರಬಹುದು. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಕಾರ್ಯಕರ್ತರು. ಯುಡಿಐಡಿ ಅರ್ಜಿ ತುಂಬಲು ಅವರನ್ನು ಕೇಳಿ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ.

ಮೈಸೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಮಗಳಿಗೆ ಎಲ್ಲವನ್ನೂ ಓದಿ ಹೇಳಿದೆ. ಅರ್ಜಿ ತಾನೇ ಹಾಕುತ್ತೇನೆ ಎಂದಳು. ಅವಳದೊಂದು ಪ್ರಶ್ನೆ ಇದೆ: "ಜನ ನಂಬಲಿ ಎಂದು ಹೊರಗೆ ಹೋಗುವಾಗ ಕೋಲು ಹಿಡಿದುಕೊಳ್ಳಲೇ?"

ಹುಬ್ಬಳ್ಳಿಯಿಂದ

ತಂಗೀ, ಈ ಪ್ರಶ್ನೆಯನ್ನು ನಾನೂ ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಬೇರೆಯವರ ಕಣ್ಣಿಗಾಗಿ ಕೋಲು ಬೇಡ. ಕೋಲಿಲ್ಲದ ದಿನವೂ ನಿನ್ನ ಹಕ್ಕು ಅಷ್ಟೇ ಇರುತ್ತದೆ, ಕಾವಲುಗಾರನಿಗೆ ಕಾರ್ಡು ತೋರಿಸಿದರೆ ಸಾಕು. ಆದರೆ ಮಧ್ಯಾಹ್ನ ಕಾಲು ಎಳೆಯುತ್ತದೆ ಎಂದಾದರೆ ಕೋಲು ನಿನಗೇ ಬೇಕು. ನಾಚಿಕೆಯಿಂದ ಅದನ್ನು ದೂರವಿಡಬೇಡ. ಅದು ಕೈಯಲ್ಲಿದ್ದರೆ ಬಸ್ಸಿನಲ್ಲಿ, ಜಾತ್ರೆಯಲ್ಲಿ ಜನ ನೂಕದೆ ಸ್ವಲ್ಪ ಜಾಗ ಬಿಡುತ್ತಾರೆ, ಅದೂ ಉಪಕಾರವೇ. ಮಡಚುವ ಕೋಲು ತೆಗೆದುಕೊಂಡರೆ ಬೆಳಿಗ್ಗೆಯೆಲ್ಲ ಚೀಲದಲ್ಲಿ ಇರುತ್ತದೆ. ಚಪ್ಪಲಿ ಹಾಕಿಕೊಂಡು ಕೈ ಇಳಿಬಿಟ್ಟು ನಿಂತಾಗ ಹಿಡಿ ನಿನ್ನ ಮಣಿಕಟ್ಟಿನ ಗೆರೆಗೆ ಬರಬೇಕು. ನಿನ್ನದು ಎಡಗಾಲು ಸೋತಿರುವುದರಿಂದ ಕೋಲನ್ನು ಬಲಗೈಯಲ್ಲಿ ಹಿಡಿಯಬೇಕು, ಎಡಗಾಲಿನ ಜೊತೆಗೇ ಮುಂದಿಡಬೇಕು. ಫಿಸಿಯೋಥೆರಪಿಸ್ಟ್ ಒಮ್ಮೆ ನಡೆಸಿ ನೋಡಲಿ. ಬುಡದ ರಬ್ಬರ್ ಸವೆದರೆ ತಕ್ಷಣ ಬದಲಾಯಿಸು. ಒರೆಸಿದ ನೆಲದಲ್ಲಿ ಸವೆದ ರಬ್ಬರ್ ಜಾರುತ್ತದೆ.